ಸಂದಿನಲ್ಲಿ ಸೋರುವ ನೀರು



ನಿಮಗೆ ತೋರಿಸಲಾಗದ ಒಂದು ವಸ್ತುವನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೇನೆ. ರೇಡಿಯೋದಲ್ಲಿ ಇದೊಂದು ಕಷ್ಟ. ಗೇಣುದ್ದದ ಜಿಐ ಪೈಪಿನ ತುಂಡು, ಮುಕ್ಕಾಲು ಇಂಚಿನದು. ರಾಜಾಜಿನಗರದ ಒಂದು ಹಳೇ ಮನೆಯ ಬಚ್ಚಲ ಗೋಡೆಯಿಂದ ಕೊಯ್ದು ತೆಗೆದದ್ದು. ಹೊರಗಿನಿಂದ ಗಟ್ಟಿಯಾಗಿಯೇ ಇದೆ. ಕೊಯ್ದ ಬಾಯಿಗೆ ಕಣ್ಣಿಟ್ಟರೆ ಒಳಗೆಲ್ಲ ಕಂದು ತುಕ್ಕು, ಗಂಟು ಗಂಟಾಗಿ ಬೆಳೆದು ನಿಂತಿದೆ. ನಡುವೆ ಉಳಿದಿರುವುದು ಒಂದು ಪೆನ್ಸಿಲ್ ತೂರುವಷ್ಟು ದಾರಿ. ಆ ಮನೆಯ ಯಜಮಾನರು ನನ್ನನ್ನು ಕರೆದದ್ದು ಶವರ್ ಬದಲಿಸುವುದಕ್ಕೆ. “ನೀರು ಸರಿಯಾಗಿ ಬೀಳ್ತಿಲ್ಲಪ್ಪ, ಒಳ್ಳೇ ಕಂಪನಿದು ಒಂದು ಹಾಕ್ಕೊಡು” ಅಂದರು. ಹಾಕಿಕೊಟ್ಟು ಕೂಲಿ ಇಸ್ಕೊಂಡು ಬರಬಹುದಿತ್ತು. ಹದಿನೈದು ದಿನಕ್ಕೆ ಅವರು ಮತ್ತೆ ಫೋನ್ ಮಾಡುತ್ತಿದ್ದರು, ಈ ಸಲ ಬೈಯುವುದಕ್ಕೆ.

ನಾನು ಪ್ಲಂಬರ್. ವಿಜಯನಗರದಲ್ಲಿ ಇಪ್ಪತ್ತೈದು ವರ್ಷದಿಂದ ಇದೇ ಕಸುಬು. ಮೊದಲ ಹದಿನೈದು ವರ್ಷ ಒಂದು ಗಾಡಿ, ಅದರ ಮುಂದೆ ಒಂದು ಗೋಣಿಚೀಲ, ಚೀಲದಲ್ಲಿ ಪೈಪ್ ರೆಂಚು, ಡೈ ಸೆಟ್ಟು, ಹ್ಯಾಕ್ಸಾ, ಟೆಫ್ಲಾನ್ ಟೇಪು, ಒಂದು ಹಿಡಿ ಸೆಣಬು. ಇಷ್ಟೇ ನನ್ನ ಅಂಗಡಿ. ನಲ್ಲಿ ತೊಟ್ಟಿಕ್ಕಿದರೆ ವಾಷರ್, ಟ್ಯಾಂಕ್ ತುಂಬಿ ಹರಿದರೆ ಬಾಲ್ ಕಾಕ್, ಸಿಂಕ್ ಕಟ್ಟಿಕೊಂಡರೆ ಸ್ಪ್ರಿಂಗ್ ತಂತಿ. ಬೆಳಿಗ್ಗೆ ಮಾರುತಿ ಮಂದಿರದ ಹತ್ತಿರ ಒಂದು ಕಾಫಿ ಕುಡಿದು ಹೊರಟರೆ ಸಂಜೆಗೆ ಐದಾರು ಮನೆ. ಆಮೇಲೆ, ಈಗ್ಗೆ ಹತ್ತು ವರ್ಷದ ಹಿಂದೆ, ಬಾತ್‌ರೂಂ ಪೂರ್ತಿ ಒಡೆದು ಹೊಸದಾಗಿ ಮಾಡಿಕೊಡುವ ಕೆಲಸಕ್ಕೆ ಕೈ ಹಾಕಿದೆ. “ಸಣ್ಣ ಪ್ಲಂಬರ್ ಒಬ್ಬ ಬಾತ್‌ರೂಂ ನವೀಕರಣಕ್ಕೆ ಹೇಗೆ ಇಳಿಯಬಹುದು ಅಂತ ಹೇಳಿ” ಎಂದು ಆಕಾಶವಾಣಿಯವರು ಕೇಳಿದರು. ಇಳಿಯುವುದು ಅನ್ನುವ ಮಾತು ಸರಿಯಾಗಿಯೇ ಇದೆ. ನಾನು ಮೇಲಕ್ಕೆ ಹತ್ತುತ್ತಿದ್ದೇನೆ ಅಂದುಕೊಂಡಿದ್ದೆ. ಮೊದಲ ವರ್ಷ ಇಳಿದೇ ಹೋಗಿದ್ದೆ.

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಯಾಕಿಷ್ಟು ಕರೆ ಬರುತ್ತದೆ ಅನ್ನುವುದನ್ನು ಮೊದಲು ಹೇಳಬೇಕು. ಊರಿಗೆ ಕೊಳಾಯಿ ನೀರು ಬಂದದ್ದು 1896ರಲ್ಲಿ, ಹೆಸರಘಟ್ಟದಿಂದ. 1933ರಲ್ಲಿ ಮಾಗಡಿ ರಸ್ತೆ ಕಡೆಯ ತಿಪ್ಪಗೊಂಡನಹಳ್ಳಿ ನೀರು ಸೇರಿತು. ನಗರಾಭಿವೃದ್ಧಿ ಮಂಡಳಿ, ಅಂದರೆ ಈಗಿನ ಬಿಡಿಎಗೆ ಮುಂಚೆ ಇದ್ದ ಸಿಐಟಿಬಿ, ಹುಟ್ಟಿದ್ದು 1945ರಲ್ಲಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ರಾಜಾಜಿಯವರ ಹೆಸರಿನಲ್ಲಿ ಬಡಾವಣೆ ಎದ್ದಿತು, ಆಮೇಲೆ ವಿಜಯನಗರ, ಬಸವೇಶ್ವರನಗರ ಒಂದೊಂದಾಗಿ ತುಂಬಿಕೊಂಡವು. ಕಾವೇರಿ ಮೊದಲ ಹಂತದ ನೀರು 1974ರಲ್ಲಿ ಬಂತು, ಎರಡನೇ ಹಂತ 1982, ಮೂರನೆಯದು 1993. ಆ ಕಾಲದಲ್ಲಿ ಮನೆ ಕಟ್ಟಿದವರೆಲ್ಲ ಗೋಡೆಯೊಳಗೆ ಹಾಕಿಸಿದ್ದು ಜಿಐ ಪೈಪು. ಸತುವಿನ ಲೇಪ ಇರುವವರೆಗೆ ಅದಕ್ಕೆ ಆಯುಸ್ಸು. ಲೇಪ ಸವೆದ ಮೇಲೆ ಕಬ್ಬಿಣ, ನೀರು, ಗಾಳಿ ಮೂರೂ ಸೇರಿ ತಮ್ಮ ಕೆಲಸ ಮಾಡುತ್ತವೆ. ನನ್ನ ಕೈಯಲ್ಲಿರುವ ಈ ತುಂಡಿಗೂ ಆ ಮನೆಗೆ ಬಂದ ಕಾವೇರಿಗೂ ಒಂದೇ ವಯಸ್ಸು.

ಮನೆಗಳ ನಕ್ಷೆಯೂ ಹಾಗೇ. ಬಚ್ಚಲು ಬೇರೆ, ಪಾಯಿಖಾನೆ ಬೇರೆ, ಅದೂ ಹಿತ್ತಲ ಕಡೆಗೆ. ಬಚ್ಚಲಲ್ಲಿ ಮೂಲೆಗೊಂದು ಒಲೆ, ಅದರ ಮೇಲೆ ತಾಮ್ರದ ಹಂಡೆ, ನೆಲಕ್ಕೆ ಕೆಂಪು ಗಾರೆ. ಈಗಲೂ ಕೆಲವು ಮನೆಗಳಲ್ಲಿ ಗೋಡೆಯ ಸುಣ್ಣ ಕೆರೆದರೆ ಒಲೆಯ ಹೊಗೆ ಹಿಡಿದ ಕಪ್ಪು ಕಾಣಿಸುತ್ತದೆ. ಇಪ್ಪತ್ತು–ಮೂವತ್ತು, ಮೂವತ್ತು–ನಲವತ್ತರ ಸೈಟು. ಕೆಳಗೆ ಮನೆಯವರು, ಮೇಲೆ ಒಂದು, ಅದರ ಮೇಲೆ ಇನ್ನೊಂದು ಬಾಡಿಗೆ ಮನೆ. ಮಹಡಿ ಕಟ್ಟುವಾಗ ಬಾಡಿಗೆಯವರಿಗೆ ಅಂತ ಒಂದು ಬಾತ್‌ರೂಂ ಅವಸರವಸರವಾಗಿ ಮಾಡಿರುತ್ತಾರೆ. ಅದು ಸರಿಯಾಗಿ ಕೆಳಗಿನ ದೇವರ ಮನೆಯ ನೆತ್ತಿಯ ಮೇಲೆ ಇರುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ, ಹತ್ತರಲ್ಲಿ ನಾಲ್ಕು ಮನೆಯಲ್ಲಿ ನಾನು ನೋಡಿದ್ದು ಹಾಗೆಯೇ.

ನನ್ನ ಕಸುಬು ತಿರುಗಿದ್ದು ಅಂಥದೊಂದು ಮನೆಯಲ್ಲಿ, ಬಸವೇಶ್ವರನಗರದಲ್ಲಿ. ದೇವರ ಮನೆಯ ತಾರಸಿಯಲ್ಲಿ ತಟ್ಟೆಯಗಲ ಒದ್ದೆ, ಸುಣ್ಣ ಹಪ್ಪಳದ ಹಾಗೆ ಎದ್ದಿತ್ತು. ಮನೆಯಾಕೆ ನನಗಿಂತ ಮುಂಚೆ ಮೂವರನ್ನು ಕರೆಸಿದ್ದರು. ಮೊದಲು ಬಂದ ಪ್ಲಂಬರ್ ಪೈಪಿಗೆ ಒತ್ತಡ ಕೊಟ್ಟು ನೋಡಿ “ನಮ್ದೇನಿಲ್ಲಮ್ಮ, ಟೈಲ್ಸ್ ಸಂದಿನಿಂದ ನೀರು ಇಳೀತಿದೆ” ಅಂದ. ಟೈಲ್ಸ್‌ನವನು ಬಂದು ಸಂದುಗಳಿಗೆಲ್ಲ ಬಿಳಿ ಸಿಮೆಂಟು ತುಂಬಿ “ಇನ್ನು ಸೋರಿದ್ರೆ ಅದು ಪೈಪೇ” ಅಂದು ಹೋದ. ಗಾರೆ ಮೇಸ್ತ್ರಿ ಕೆಳಗಿನಿಂದ ತಾರಸಿಗೆ ಒಂದು ಕೋಟ್ ಪ್ಲಾಸ್ಟರ್ ಬಳಿದು ಕೈ ತೊಳೆದುಕೊಂಡ. ಎರಡು ತಿಂಗಳಿಗೆ ಒದ್ದೆ ಪರಾತದಷ್ಟಾಯಿತು. ಆಕೆ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತು, “ನೋಡಪ್ಪ, ಯಾರ್ದು ತಪ್ಪು ಅಂತ ನನಗೆ ಬೇಡ. ಯಾರನ್ನ ಕೇಳಬೇಕು ಅಂತ ಮಾತ್ರ ಹೇಳು” ಅಂದರು.

ಆ ಮಾತು ನನಗೆ ಎರಡು ದಿನ ನಿದ್ದೆ ಕೆಡಿಸಿತು. ಬಂದು ಹೋದ ಮೂವರೂ ಸುಳ್ಳು ಹೇಳಿರಲಿಲ್ಲ. ಪೈಪು ಚೆನ್ನಾಗಿತ್ತು. ಟೈಲ್ಸೂ ಒಡೆದಿರಲಿಲ್ಲ. ಒಡೆಸಿ ನೋಡಿದಾಗ ತೂತು ಸಿಕ್ಕಿದ್ದು ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಕುತ್ತಿಗೆಯಲ್ಲಿ. ಅಂದರೆ ಪ್ಲಂಬರ್ ಟ್ರ್ಯಾಪ್ ಕೂರಿಸಿ ಎದ್ದು ಹೋದ ಜಾಗ ಮುಗಿದು, ಗಾರೆಯವನು ಸಿಮೆಂಟು ಮೆತ್ತಲು ಶುರುಮಾಡಿದ ಜಾಗದಲ್ಲಿ. ಇಬ್ಬರ ಕೆಲಸದ ನಡುವೆ ಕಿರುಬೆರಳು ತೂರುವಷ್ಟು ಸಂದು, ಅದು ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಅಲ್ಲಿಂದಾಚೆಗೆ ನೂರಾರು ಬಚ್ಚಲು ಒಡೆದಿದ್ದೇನೆ. ಪೈಪಿನ ನಟ್ಟನಡುವೆ ಸೋರಿದ್ದು ಬೆರಳೆಣಿಕೆಯಷ್ಟು. ಮಿಕ್ಕದ್ದೆಲ್ಲ ಒಬ್ಬನ ಕೆಲಸ ಮುಗಿದು ಇನ್ನೊಬ್ಬನದು ಶುರುವಾಗುವ ಕಡೆ. ಜನ ನನಗೆ ದುಡ್ಡು ಕೊಡುವುದು ಟೈಲ್ಸಿಗೂ ನಲ್ಲಿಗೂ ಅಂದುಕೊಂಡರೆ ಅದು ಅರ್ಧ ಮಾತ್ರ. ಆ ಸಂದಿಗೆ ಒಬ್ಬ ವಾರಸುದಾರ ಬೇಕು, ಅದಕ್ಕೆ ಕೊಡುತ್ತಾರೆ.

ಹಾಗಾದರೆ ಆ ಸಂದನ್ನು ಮುಚ್ಚುವುದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪ್ಲಂಬರುಗಳು ಎಡವುವುದು ಇಲ್ಲೇ. ಮಹಡಿ ಮೇಲಿನ ಬಾತ್‌ರೂಮಿಗೆ ಸ್ಲ್ಯಾಬನ್ನು ಸುಮಾರು ಒಂದಡಿ ತಗ್ಗಿಸಿರುತ್ತಾರೆ, ಸಂಕನ್ ಅನ್ನುತ್ತೇವೆ. ಆ ಗುಂಡಿಯಲ್ಲಿ ಪೈಪು ಓಡಿಸಿ ಮೇಲೆ ಇಟ್ಟಿಗೆ ಚೂರು ತುಂಬಿ ನೆಲ ಮಾಡುತ್ತಾರೆ. ಟೈಲ್ಸಿನ ಸಂದಿನಿಂದ ದಿನವೂ ನಾಲ್ಕು ಹನಿ ಇಳಿದರೂ ವರ್ಷದ ಮೇಲೆ ಆ ಗುಂಡಿ ಕಣ್ಣಿಗೆ ಕಾಣದ ಕೆರೆಯಾಗುತ್ತದೆ. ಆಮೇಲೆ ಕೆರೆ ತನ್ನ ಕೋಡಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಆದ್ದರಿಂದ ಒಡೆದರೆ ಪೂರ್ತಿ ಸ್ಲ್ಯಾಬಿನವರೆಗೆ ಒಡೆಯಬೇಕು. ಪೈಪು ಸ್ಲ್ಯಾಬು ತೂರುವ ಕಡೆ ಸುತ್ತ ಕೆರೆದು, ಒಣಗಿದ ಮೇಲೆ ಕುಗ್ಗದ ಗ್ರೌಟ್ ತುಂಬಬೇಕು. ಗೋಡೆಯೂ ನೆಲವೂ ಸೇರುವ ಮೂಲೆಯನ್ನು ಗಾರೆಯಿಂದ ಗುಂಡಗೆ ತಿದ್ದಬೇಕು, ಚೂಪು ಮೂಲೆಯಲ್ಲಿ ಬಳಿದದ್ದು ಬಿರುಕು ಬಿಡುತ್ತದೆ. ಅದರ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬ್ರಷ್ಷು ಒಂದು ಕಡೆ ಬಿಟ್ಟ ಎಳೆ ಇನ್ನೊಂದು ಕಡೆ ಮುಚ್ಚಿಕೊಳ್ಳಲಿ ಅಂತ. ಗೋಡೆಗೆ ಒಂದಡಿ, ಶವರ್ ಇರುವ ಗೋಡೆಗೆ ಆಳೆತ್ತರ. ಒಣಗಿದ ಮೇಲೆ ನೀರು ಕಟ್ಟಿ ನಲವತ್ತೆಂಟು ಗಂಟೆ ಬಿಡಬೇಕು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಮನೆಯವರನ್ನೇ ಕರೆದು ತೋರಿಸಿ ಬರುತ್ತೇನೆ. ಎರಡು ದಿನ ಅವರೂ ಗೆರೆ ನೋಡುತ್ತಾರೆ, ಕೆಳಗಿನ ತಾರಸಿಯನ್ನೂ ನೋಡುತ್ತಾರೆ.

ಈ ಎರಡು ದಿನ ಕೆಲಸದವರಿಗೆ ಕೂಲಿ ಇಲ್ಲ, ಮನೆಯವರಿಗೆ ತಾಳ್ಮೆ ಇಲ್ಲ. “ಇಷ್ಟೊತ್ತಿಗೆ ಟೈಲ್ಸ್ ಹಾಕಬಹುದಿತ್ತಲ್ಲ” ಅನ್ನುತ್ತಾರೆ. ಇಲ್ಲಿ ಬಗ್ಗಬಾರದು. ಬಗ್ಗಿದ ಒಂದು ಕೆಲಸಕ್ಕೆ ನಾನು ಎರಡು ಸಲ ಟೈಲ್ಸ್ ಕೊಂಡಿದ್ದೇನೆ.

ಇನ್ನೊಂದು ಅಭ್ಯಾಸ ಹೇಳಿಬಿಡುತ್ತೇನೆ, ಮರೆತರೆ ಹೋಗುತ್ತದೆ. ಗೋಡೆ ಕೊರೆದು ಸಿಪಿವಿಸಿ ಪೈಪ್ ಕೂರಿಸಿದ ಮೇಲೆ, ಪ್ಲಾಸ್ಟರ್ ಹಾಕುವ ಮುಂಚೆ, ಅಳತೆ ಟೇಪನ್ನು ಗೋಡೆಗೆ ಹಿಡಿದು ನಾಲ್ಕೂ ಗೋಡೆಯ ಫೋಟೋ ತೆಗೆದು ಮನೆಯವರ ವಾಟ್ಸಾಪಿಗೆ ಹಾಕುತ್ತೇನೆ. ನೆಲದಿಂದ ಎಷ್ಟು ಎತ್ತರದಲ್ಲಿ, ಮೂಲೆಯಿಂದ ಎಷ್ಟು ದೂರದಲ್ಲಿ ಪೈಪಿದೆ ಅನ್ನುವುದು ಅದರಲ್ಲಿ ಕಾಣುತ್ತದೆ. ಮುಂದೆ ಯಾರಾದರೂ ಕನ್ನಡಿ ನೇತುಹಾಕಲು ಡ್ರಿಲ್ ಹಿಡಿದು ಬಂದಾಗ ಆ ಫೋಟೋಕ್ಕೆ ಬಂಗಾರದ ಬೆಲೆ.

ಈಗ ದುಡ್ಡಿನ ವಿಷಯ. ಪ್ಲಂಬರ್ ಬುದ್ಧಿ ಗಂಟೆಯ ಲೆಕ್ಕದ ಬುದ್ಧಿ. ಹೋದೆ, ಮಾಡಿದೆ, ಇಸ್ಕೊಂಡೆ. ಕಂಟ್ರಾಕ್ಟಿನಲ್ಲಿ ಇದು ನಡೆಯದು. ಐದಡಿ–ಏಳಡಿಯ ಒಂದು ಬಚ್ಚಲು ಅಂತ ಇಟ್ಟುಕೊಳ್ಳಿ. ಸುತ್ತಳತೆ 24 ಅಡಿ, ಏಳಡಿ ಎತ್ತರಕ್ಕೆ ಟೈಲ್ಸು ಅಂದರೆ 168 ಚದರಡಿ. ಬಾಗಿಲಿನದು ಕಳೆದರೆ 150. ನೆಲ 35. ಒಟ್ಟು 185, ಒಡಕಿಗೆ, ಕೊಯ್ತಕ್ಕೆ ಅಂತ ನೂರಕ್ಕೆ ಹತ್ತು ಸೇರಿಸಿದರೆ 205ರ ಹತ್ತಿರ. ಇಷ್ಟು ಯಾರಿಗಾದರೂ ಬರುತ್ತದೆ. ನನಗೆ ಬಾರದೆ ಹೋದದ್ದು ಮಣ್ಣಿನ ಲೆಕ್ಕ. 35 ಚದರಡಿ ನೆಲ, ಒಂದಡಿ ಆಳದ ಸಂಕನ್ ಒಡೆದರೆ 35 ಘನ ಅಡಿ ಕಲ್ಲುಮಣ್ಣು, ತೂಕದಲ್ಲಿ ಒಂದೂವರೆ ಟನ್ನಿನ ಆಸುಪಾಸು. ಗೋಡೆಯ ಹಳೇ ಟೈಲ್ಸು ಬೇರೆ. ಚೀಲಕ್ಕೆ ಇಪ್ಪತ್ತೈದು ಕೆ.ಜಿ. ಹಾಕಿದರೆ ಅರವತ್ತು ಚೀಲ, ಎರಡು ಮಹಡಿ ಹೊತ್ತು ಇಳಿಸಬೇಕು, ಸಣ್ಣ ಗಾಡಿಯಲ್ಲಿ ಎರಡು ಟ್ರಿಪ್ಪು. ನನ್ನ ಮೊದಲ ಕೋಟೇಶನ್ನಿನಲ್ಲಿ ಈ ಅರವತ್ತು ಚೀಲ ಇರಲೇ ಇಲ್ಲ. ರಾತ್ರಿ ಹತ್ತಕ್ಕೆ ನಾನೂ ನನ್ನ ಭಾಮೈದನೂ ಹೊತ್ತೆವು. ಮೂಲೆ ಖಾಲಿ ಸೈಟಿಗೆ ಸುರಿದು ಬಿಡಿ ಅಂತ ಹೇಳುವವರು ಬೀದಿಗೊಬ್ಬರಿದ್ದಾರೆ. ಸುರಿದರೆ ದಂಡ, ಅದಕ್ಕಿಂತ ಹೆಚ್ಚಾಗಿ ಆ ಬೀದಿಯಲ್ಲಿ ನಿಮಗೆ ಇನ್ನೊಂದು ಕೆಲಸ ಸಿಗುವುದಿಲ್ಲ.

ಅಂಥ ಕೆಲಸವನ್ನು ಒಂದು ಲಕ್ಷದ ಎಂಬತ್ತು ಸಾವಿರಕ್ಕೆ ಒಪ್ಪಿಕೊಂಡೆ ಅಂತಿಟ್ಟುಕೊಳ್ಳಿ. ಸಾಮಾನಿಗೆ 95 ಸಾವಿರ, ಗಾರೆ, ಟೈಲ್ಸು, ಕರೆಂಟು ಎಲ್ಲರ ಕೂಲಿ 50, ಸಾಗಾಟ, ಸಣ್ಣಪುಟ್ಟ ಖರ್ಚು 8. ಉಳಿಯುವುದು 27 ಸಾವಿರ, ಹನ್ನೆರಡು ದಿನಕ್ಕೆ. ನೋಡಲು ಚೆನ್ನಾಗಿದೆ. ಆದರೆ ಒಂದೇ ಒಂದು ತಪ್ಪು ಅದನ್ನು ನುಂಗಬಲ್ಲದು. ನನ್ನದೇ ತಪ್ಪು ಹೇಳುತ್ತೇನೆ. ಕೆಳಕ್ಕೆ ನೀರು ಹೋಗುವ ಕಮೋಡಿಗೆ, ಹಿಂದಿನ ಗೋಡೆಯಿಂದ ನೆಲದ ಪೈಪಿನ ನಡುಮಧ್ಯಕ್ಕೆ ಒಂಬತ್ತು ಇಂಚೋ ಹನ್ನೆರಡು ಇಂಚೋ ದೂರ ಬೇಕು, ಮಾಡೆಲ್ ನೋಡಿಕೊಂಡು. ನಾನು ಬರೀ ಇಟ್ಟಿಗೆ ಗೋಡೆಯಿಂದ ಒಂಬತ್ತು ಅಳೆದು ಪೈಪ್ ಕೂರಿಸಿದೆ. ಪ್ಲಾಸ್ಟರು, ಗಾರೆ, ಟೈಲ್ಸು ಸೇರಿ ಗೋಡೆ ಒಂದೂಕಾಲು ಇಂಚು ಮುಂದೆ ಬಂತು. ಕೊನೆಯ ದಿನ ಕಮೋಡ್ ಎತ್ತಿ ಇಟ್ಟರೆ ಟ್ಯಾಂಕು ಗೋಡೆಗೆ ತಾಗಿ ಮುಂದಕ್ಕೇ ನಿಂತಿತು, ಪೈಪಿನ ಮೇಲೆ ಕೂರಲೇ ಇಲ್ಲ. ಮನೆಯವರು ಹಿಂದೆ ನಿಂತು ನೋಡುತ್ತಿದ್ದಾರೆ. ಎರಡು ದಿನದ ಹಿಂದೆ ಹಾಕಿದ ನೆಲದ ಟೈಲ್ಸನ್ನು ನಾನೇ ಒಡೆದೆ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಈಗ ನಾನು ಅಳೆಯುವುದು ಟೈಲ್ಸ್ ಬಂದ ಮೇಲಿನ ಗೋಡೆಯಿಂದ, ಒಂದು ಟೈಲ್ಸ್ ತುಂಡನ್ನು ಗೋಡೆಗೆ ಒತ್ತಿ ಹಿಡಿದು.

ಅಡ್ವಾನ್ಸ್ ದುಡ್ಡು ಇನ್ನೊಂದು ಹಳ್ಳ. ಕೈಗೆ ಒಂದೇ ಸಲ ಅರವತ್ತು–ಎಪ್ಪತ್ತು ಸಾವಿರ ಬಂದರೆ ಅದು ನಮ್ಮದು ಅನ್ನಿಸುತ್ತದೆ. ಮಗಳ ಫೀಸು ಕಟ್ಟಿದೆ, ಗಾಡಿಯ ಕಂತು ಕಟ್ಟಿದೆ. ಟೈಲ್ಸ್ ತರುವ ದಿನ ಮುಂದಿನ ಮನೆಯವರ ಅಡ್ವಾನ್ಸಿಗೆ ಕೈ ಹಾಕಿದೆ. ಹೀಗೆ ಒಬ್ಬರ ದುಡ್ಡಲ್ಲಿ ಇನ್ನೊಬ್ಬರ ಬಚ್ಚಲು ಕಟ್ಟುತ್ತಾ ಹೋದರೆ ಒಂದು ದಿನ ಎಲ್ಲರ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ. ನನಗೆ ಮೂರು ಕಡೆ ನಿಂತಿತ್ತು, ಅದೂ ಗೌರಿ ಹಬ್ಬದ ಮುಂಚಿನ ವಾರದಲ್ಲಿ. ಆಷಾಢ ಕಳೆದ ಮೇಲೆ ಶುರು ಮಾಡಿ ಗೌರಿಗೆ ಮುಗಿಸಿಕೊಡಿ ಅನ್ನುವುದು ನಮ್ಮ ಕಡೆಯ ಪದ್ಧತಿ, ಎಲ್ಲರದೂ ಒಟ್ಟಿಗೆ ಬಂದಿತ್ತು. ನನ್ನ ಹೆಂಡತಿ ಆಮೇಲೆ ಬ್ಯಾಂಕಿನಲ್ಲಿ ಬೇರೆ ಖಾತೆ ತೆಗೆಸಿ ಪಾಸ್‌ಬುಕ್ಕು ತಾನೇ ಇಟ್ಟುಕೊಂಡಳು. ನನ್ನ ವ್ಯವಹಾರಕ್ಕೆ ಸಿಕ್ಕ ಅತ್ಯುತ್ತಮ ಸುಧಾರಣೆ ಇದೇ ಅಂತ ನನ್ನ ಅಭಿಪ್ರಾಯ.

ತೆರಿಗೆಯ ಮಾತು ಬಂದರೆ ನಮ್ಮವರು ಕಿವಿ ಮುಚ್ಚಿಕೊಳ್ಳುತ್ತಾರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸು ಕೊಟ್ಟಾಗ ಮಾಗಡಿ ರಸ್ತೆಯ ಉದ್ದಕ್ಕೂ ಅದೇ ಮಾತಾಗಿತ್ತು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆ ಕೊಡುವವರಿಗೆ 20 ಲಕ್ಷ. ಸಾಮಾನು ಸಮೇತ ಕಟ್ಟಡದ ಕೆಲಸ ಒಪ್ಪಿಕೊಳ್ಳುವುದನ್ನು ಕಾನೂನು ಸೇವೆ ಅಂತಲೇ ಎಣಿಸುತ್ತದೆ. ಈಗ ನನ್ನ ಲೆಕ್ಕ ನೋಡಿ. ಒಂದು ಲಕ್ಷದ ಎಂಬತ್ತು ಸಾವಿರದ ಕೆಲಸ ತಿಂಗಳಿಗೊಂದು ಮಾಡಿದರೆ ವರ್ಷಕ್ಕೆ 21 ಲಕ್ಷ 60 ಸಾವಿರ. ಗೆರೆ ದಾಟಿತು. ನನ್ನ ಕೈಯಲ್ಲಿ ಉಳಿದದ್ದು 3 ಲಕ್ಷ 24 ಸಾವಿರ, ಆದರೆ ಫೋನಿಗೆ ಬಂದು ಬಿದ್ದದ್ದು ಪೂರ್ತಿ ಮೊತ್ತ. ಸರ್ಕಾರ ನೋಡುವುದು ಬಿದ್ದದ್ದನ್ನು. ಕೆಲವರು ಟೈಲ್ಸು, ಕಮೋಡು, ನಲ್ಲಿಗಳ ದುಡ್ಡನ್ನು ಮನೆಯವರೇ ನೇರವಾಗಿ ಅಂಗಡಿಗೆ ಕೊಡುವ ಹಾಗೆ ಮಾಡಿ ಕೂಲಿಯನ್ನು ಮಾತ್ರ ತಾವು ಪಡೆಯುತ್ತಾರೆ. ಬಿಲ್ಲೂ ವಾರಂಟಿ ಕಾರ್ಡೂ ಮನೆಯವರ ಹೆಸರಲ್ಲೇ ಬರುವುದರಿಂದ ಇದು ಸ್ವಚ್ಛ ದಾರಿ. ನಾನೂ ಹಾಗೇ ಮಾಡುತ್ತೇನೆ. 50 ಲಕ್ಷದೊಳಗಿನ ಸೇವೆಯವರಿಗೆ ನೂರಕ್ಕೆ ಆರರ ಲೆಕ್ಕದ ಕಾಂಪೊಸಿಷನ್ ಯೋಜನೆಯೂ ಇದೆ. ಯಾವುದು ನಿಮಗೆ ಹೊಂದುತ್ತದೆ ಅಂತ ಒಬ್ಬ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಕೇಳಿ. ನಲ್ಲಿ ವಾಷರ್ ಹಾಕಲು ನಮ್ಮನ್ನು ಕರೆಯುತ್ತಾರಲ್ಲ, ಹಾಗೆ.

ಅಂಗಡಿಯ ಕಮಿಷನ್ ವಿಷಯ ಬಹಿರಂಗವಾಗಿ ಯಾರೂ ಮಾತಾಡುವುದಿಲ್ಲ, ನಾನು ಮಾತಾಡುತ್ತೇನೆ. ಗಿರಾಕಿಯನ್ನು ಕರೆತಂದರೆ ಪ್ಲಂಬರಿಗೆ ಇಷ್ಟು ಅಂತ ಕೊಡುವ ಅಂಗಡಿಗಳಿವೆ. ತೆಗೆದುಕೊಂಡ ದಿನದಿಂದ ಗಿರಾಕಿಗೆ ಏನು ಬೇಕು ಅನ್ನುವುದು ನಮಗೆ ಕಾಣುವುದು ನಿಲ್ಲುತ್ತದೆ. ನಾನು ಮೊದಲು ತೆಗೆದುಕೊಂಡಿದ್ದೇನೆ. ಈಗ ಅಂಗಡಿಯವರಿಗೆ ಆ ದುಡ್ಡನ್ನು ಬಿಲ್ಲಿನಲ್ಲೇ ಕಡಿಮೆ ಮಾಡಿ ಅನ್ನುತ್ತೇನೆ. ಗೆಳೆಯರು ನನ್ನನ್ನು ಪೆದ್ದ ಅನ್ನುತ್ತಾರೆ.

ಗಿರಾಕಿಗೆ ಏನು ಬೇಕು ಅಂದೆನಲ್ಲ. ಷೋರೂಮಿನಲ್ಲಿ ಪರಾತದಗಲದ ಮಳೆ ಶವರ್ ನೋಡಿ ಎಲ್ಲರಿಗೂ ಮನಸ್ಸಾಗುತ್ತದೆ. ಅಲ್ಲಿ ಅದು ಪಂಪಿನ ಮೇಲೆ ಓಡುತ್ತಿರುತ್ತದೆ. ನೀರು ಮೂವತ್ತಮೂರು ಅಡಿ ಮೇಲಿದ್ದರೆ ಒಂದು ಬಾರ್ ಒತ್ತಡ. ಮೇಲಿನ ಮಹಡಿಯ ಬಚ್ಚಲಿಗೂ ತಾರಸಿ ಟ್ಯಾಂಕಿಗೂ ನಡುವೆ ಇರುವುದು ಎಂಟೋ ಹತ್ತೋ ಅಡಿ, ಬಾರಿನಲ್ಲಿ ಮೂರನೇ ಒಂದು ಪಾಲೂ ಬರುವುದಿಲ್ಲ. ಮಳೆ ಅಲ್ಲ, ಸೂರಿನಂಚಿನ ತೊಟ್ಟು ಬೀಳುತ್ತದೆ. ಪ್ರೆಶರ್ ಪಂಪ್ ಹಾಕಿಸಿ, ಇಲ್ಲವೇ ಅಂಗೈಯಗಲದ ಶವರ್ ಕೊಳ್ಳಿ ಅಂತ ಮೊದಲೇ ಹೇಳಬೇಕು. ಹೀಗೆ ಮಾರಾಟ ತಪ್ಪಿಸಿದ ಮನೆಗಳಿಂದಲೇ ನನಗೆ ಹೆಚ್ಚು ಗಿರಾಕಿಗಳು ಬಂದಿದ್ದಾರೆ.

ನೀರಿನ ಮಿತವ್ಯಯ ಈಗ ಬರೀ ಉಪದೇಶವಾಗಿ ಉಳಿದಿಲ್ಲ. 2024ರ ಬೇಸಿಗೆ ನಿಮಗೆ ನೆನಪಿರಬೇಕು. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿತು. ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗಳಿಗೆ ಹರಿವು ತಗ್ಗಿಸುವ ಏರಿಯೇಟರ್ ಕಡ್ಡಾಯ ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ಕೆಂಗೇರಿ ಆಸುಪಾಸಿನ ಎಷ್ಟೋ ಹಳ್ಳಿಗಳು ಅದನ್ನು ಕಾಯುತ್ತಿದ್ದವು. ಹಳೇ ಫ್ಲಷ್ ಟ್ಯಾಂಕು ಒಂದು ಸಲ ಎಳೆದರೆ ಹತ್ತು ಲೀಟರು, ಈಗಿನ ಎರಡು ಗುಂಡಿಯದು ಮೂರೋ ಆರೋ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತಂದ ನೀರದು. ನಮ್ಮ ಬಚ್ಚಲುಗಳಿಂದ ಇಳಿದು ಅದು ವೃಷಭಾವತಿ ಕಣಿವೆ ಸೇರುತ್ತದೆ. ವೃಷಭಾವತಿ ಕೆಂಗೇರಿ, ಬಿಡದಿ ಕಡೆಗೆ ಹರಿದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಮತ್ತೆ ಕಾವೇರಿಗೆ. ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಹೋಗುವಾಗ ಆ ನಾತದಲ್ಲಿ ನನ್ನ ಗಿರಾಕಿಗಳ ಪಾಲೂ ಇದೆ ಅಂತ ನೆನಪಾಗುತ್ತದೆ.

ಕೆಲಸಗಾರರ ವಿಷಯ. ಒಡಿಶಾದ ಕೇಂದ್ರಾಪಾರ ಜಿಲ್ಲೆಯ ಹೆಸರು ಕೇಳಿದ್ದೀರಾ? ದೇಶದ ಯಾವ ದೊಡ್ಡ ಊರಿಗೆ ಹೋದರೂ ಪ್ಲಂಬರುಗಳಲ್ಲಿ ಅಲ್ಲಿಯವರು ಸಿಗುತ್ತಾರೆ, ಅಲ್ಲಿನ ಪಟ್ಟಾಮುಂಡೈನಲ್ಲಿ ಪ್ಲಂಬಿಂಗಿಗೆಂದೇ ಒಂದು ಸರ್ಕಾರಿ ತರಬೇತಿ ಸಂಸ್ಥೆ ಇದೆ. ನನ್ನ ಹತ್ತಿರ ಇಬ್ಬರು ಅಲ್ಲಿಯವರು. ಥ್ರೆಡ್ ಹಾಕುವುದನ್ನು ನಾನು ಅವರಿಂದ ಮತ್ತೆ ಕಲಿತೆ. ನಮ್ಮ ಐಟಿಐಗಳಲ್ಲೂ ಒಂದು ವರ್ಷದ ಪ್ಲಂಬರ್ ಕೋರ್ಸಿದೆ, ಆದರೆ ನಮ್ಮ ಬೀದಿಯ ಹುಡುಗರಿಗೆ ಅದರ ಕಡೆ ಮನಸ್ಸಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಗಾರೆಯವರಿದ್ದಾರೆ, ಬಡಗಿ, ಕ್ಷೌರಿಕ, ಹೂ ಕಟ್ಟುವವರು ಇದ್ದಾರೆ, ಪ್ಲಂಬರ್ ಇಲ್ಲ. ನಾವು ಹೊಸ ಕಾಲದವರು ಅಂತ ಇರಬೇಕು. ಸಾಲ ಬೇಕಾದರೆ ನಮಗಿರುವುದು ಮುದ್ರಾ ಯೋಜನೆ. ಕೆಲಸದವರನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ. ವರ್ಷದಲ್ಲಿ 90 ದಿನ ಕೆಲಸ ಮಾಡಿದವರಿಗೆ ಆ ನೋಂದಣಿ ಸಿಗುತ್ತದೆ. ಮನೆಯೊಳಗಿನ ಕೆಲಸ ಬೇರೆ, ಜಲಮಂಡಳಿಯ ಲೈನಿಗೆ ಸಂಪರ್ಕ ಕೊಡಲು ಮಂಡಳಿಯ ಲೈಸೆನ್ಸ್ ಇರುವ ಪ್ಲಂಬರೇ ಬೇಕು. ಗೀಸರ್ ಲೈನಿಗೆ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಬಚ್ಚಲಿಗೆ ಕರೆಂಟು ಬಿಡಬೇಡಿ. ನನಗೂ ವೈರ್ ಕೂಡಿಸಲು ಬರುತ್ತದೆ ಅನ್ನುವುದು ಬೇಡ.

ಇನ್ನೊಂದು ಮನೆಯ ಕಥೆ ಹೇಳಲೇಬೇಕು. ಹಂಪಿನಗರ, ಕೆಳಮನೆ, ಒಂದೇ ಪಾಯಿಖಾನೆ, ಇಂಡಿಯನ್ ಪ್ಯಾನು. ಮಗ ಅದನ್ನು ವೆಸ್ಟರ್ನ್ ಮಾಡಿಸುತ್ತಿದ್ದದ್ದು ಮಂಡಿನೋವಿನ ತಾಯಿಗಾಗಿ. ಟೈಲ್ಸಿನ ಬಣ್ಣ ಮಗ ಸೊಸೆ ಒಂದು ವಾರ ಚರ್ಚಿಸಿದರು, ಕೋಟೇಶನ್ನಿಗೆ ಸಹಿ ಆಯಿತು, ಸೋಮವಾರ ಬೆಳಿಗ್ಗೆ ಹುಡುಗ ಉಳಿ ಸುತ್ತಿಗೆ ಎತ್ತಿದ. ಅಜ್ಜಿ ಬಾಗಿಲಿಗೆ ಬಂದು ನಿಂತು, “ಇಷ್ಟು ದಿನ ನಾನೆಲ್ಲಿಗೆ ಹೋಗಲಪ್ಪ?” ಅಂದರು. ಅಲ್ಲಿದ್ದ ಯಾರಿಗೂ ಅದು ಹೊಳೆದಿರಲಿಲ್ಲ. ಬಾಡಿಗೆಯವರ ಮನೆಗೆ ಮೆಟ್ಟಿಲು ಹತ್ತಬೇಕು, ಮಂಡಿ ಬರುವುದಿಲ್ಲ. ಸುತ್ತಿಗೆ ಕೆಳಗಿಡಿಸಿ ನಾನು ಮೆಡಿಕಲ್ ಸಾಮಾನಿನ ಅಂಗಡಿಗೆ ಹೋಗಿ ಒಂದು ಕಮೋಡ್ ಕುರ್ಚಿ ತಂದೆ. ಹಿತ್ತಲಲ್ಲಿ ಟಾರ್ಪಾಲು ಕಟ್ಟಿ ಮರೆ ಮಾಡಿ, ಕೆಳಗೆ ಇಟ್ಟಿಗೆ ಹಾಕಿ ಸಮ ಮಾಡಿ ಕೂರಿಸಿದೆವು. ಹನ್ನೊಂದು ದಿನ ಅವರು ಅದರಲ್ಲೇ ಸುಧಾರಿಸಿಕೊಂಡರು, ಒಂದು ದಿನವೂ ಗೊಣಗಲಿಲ್ಲ. ಆ ಕುರ್ಚಿ ಈಗ ಡ್ರಿಲ್ಲು, ಲೆವೆಲ್ ಟ್ಯೂಬುಗಳ ಜತೆ ನನ್ನ ಸಾಮಾನಾಗಿದೆ, ಪ್ರತಿ ಮನೆಗೂ ಹೋಗುತ್ತದೆ.

ಅಜ್ಜಿಯ ಮನೆಯಲ್ಲೇ ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿದ್ದು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದರೆ ಒಳಕ್ಕೆ ತಳ್ಳುವುದು ಹೇಗೆ? ಚಿಲಕವೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸುವಂಥದು. ಕಮೋಡಿನ ಪಕ್ಕ ಹಿಡಿಕೆ, ಸ್ಕ್ರೂ ಪ್ಲಾಸ್ಟರಿನಲ್ಲಿ ನಿಲ್ಲಬಾರದು, ಇಟ್ಟಿಗೆಯೊಳಕ್ಕೆ ಹೋಗಬೇಕು. ಹಾಕಿದ ಮೇಲೆ ನಾನು ಎರಡೂ ಕೈಯಲ್ಲಿ ಜೋತುಬಿದ್ದು ತೋರಿಸುತ್ತೇನೆ, ನನ್ನ ತೂಕ 78 ಕೆ.ಜಿ. ಟೈಲ್ಸು ಒರಟಾಗಿರಲಿ ಅಂದರೆ “ಕೊಳೆ ಕೂರುತ್ತೆ” ಅನ್ನುತ್ತಾರೆ. ಕೂರಲಿ, ತಿಕ್ಕಬಹುದು. ಈ ಬಡಾವಣೆಗಳ ಮನೆಗಳಿಗೆ ಎಷ್ಟು ವಯಸ್ಸಾಗಿದೆಯೋ ಒಳಗಿರುವವರಿಗೂ ಅಷ್ಟೇ ಆಗಿದೆ. ಮಕ್ಕಳು ವೈಟ್‌ಫೀಲ್ಡಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ವಿಡಿಯೋ ಕಾಲಿನಲ್ಲಿ ಟೈಲ್ಸ್ ಆರಿಸುತ್ತಾರೆ, ಜಾರಿ ಬೀಳುವವರು ಇಲ್ಲಿರುತ್ತಾರೆ. ಆದ್ದರಿಂದ ಕೋಟೇಶನ್ ಕೊಡುವ ಮುಂಚೆ ಬಚ್ಚಲು ಬಳಸುವವರನ್ನೇ ಒಂದು ಪ್ರಶ್ನೆ ಕೇಳುತ್ತೇನೆ: ರಾತ್ರಿ ಎಷ್ಟು ಸಲ ಏಳ್ತೀರಾ? ಮೊದಲು ಸಂಕೋಚಪಡುತ್ತಾರೆ. ಆಮೇಲೆ ಸ್ವಿಚ್ಚು ಎಲ್ಲಿರಬೇಕು ಅಂತ ಅವರೇ ಹೇಳುತ್ತಾರೆ.

ಕೊನೆಯದಾಗಿ, ದೊಡ್ಡ ಕೆಲಸ ಸಿಕ್ಕ ಮೇಲೆ ವಾಷರ್ ಹಾಕುವ ಕರೆಗಳನ್ನು ಬಿಡಬೇಕೆ ಅಂತ ಹುಡುಗರು ಕೇಳುತ್ತಾರೆ. ನಾನು ಒಂದು ವರ್ಷ ಬಿಟ್ಟಿದ್ದೆ. ಬೋರ್ಡು ಬರೆಸಿದೆ, ಕಾರ್ಡು ಹಂಚಿದೆ. ಆ ವರ್ಷ ಬಂದ ದೊಡ್ಡ ಕೆಲಸ ನಾಲ್ಕು. ಈಗ ಲೆಕ್ಕ ಬರೆದಿಡುತ್ತೇನೆ, ಯಾವ ಬಾತ್‌ರೂಂ ಕೆಲಸ ಯಾವ ದಾರಿಯಲ್ಲಿ ಬಂತು ಅಂತ. ಬಹುಪಾಲು ಬಂದದ್ದು ಹಿಂದೊಮ್ಮೆ ನಲ್ಲಿಗೋ ಫ್ಲಷ್ ಟ್ಯಾಂಕಿಗೋ ಹೋಗಿದ್ದ ಮನೆಯಿಂದ, ಇಲ್ಲ ಅವರ ಪಕ್ಕದ ಮನೆಯಿಂದ. ಗೋಡೆ ಒಡೆಯಲು ಒಪ್ಪಬೇಕಾದರೆ ಜನ ಮೊದಲು ನಾವು ಸ್ಟೂಲಿನ ಮೇಲೆ ನಿಂತದ್ದನ್ನು ನೋಡಿರಬೇಕು.

ಸ್ಟುಡಿಯೋ ಒಳಗೆ ಬರುವಾಗ ಫೋನ್ ಆರಿಸಿಟ್ಟು ಬನ್ನಿ ಅಂದರು. ಅದಕ್ಕೆ ಸ್ವಲ್ಪ ಮುಂಚೆ ಮೂಡಲಪಾಳ್ಯದಿಂದ ಒಬ್ಬರು ಫೋನ್ ಮಾಡಿದ್ದರು, ಬೆಳಿಗ್ಗೆಯಿಂದ ಟ್ಯಾಂಕು ತುಂಬಿ ಹರಿಯುತ್ತಿದೆಯಂತೆ, ಗೇಟ್ ವಾಲ್ವ್ ತಿರುಗಿಸಿದರೆ ಬರೀ ಸುತ್ತುತ್ತಿದೆಯಂತೆ. ಸಂಪಿನ ಮೋಟರ್ ಆಫ್ ಮಾಡಿ, ಒಂದು ಗಂಟೆಯಲ್ಲಿ ಬರುತ್ತೇನೆ ಅಂದಿದ್ದೇನೆ. ಇಲ್ಲಿಂದ ಸೀದಾ ಅಲ್ಲಿಗೇ.